ಓದುಗರ ಪ್ರಶ್ನೆ: ಡೈವಿಂಗ್ ಸಾಮಾನು ಅಂಗಡಿಯಲ್ಲಿ ಕೊಳ್ಳೋದಾ, ಆನ್‌ಲೈನ್‌ನಲ್ಲಾ?

ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಡೈವಿಂಗ್ ಸೀಸನ್ ಶುರುವಾಗುವ ಹೊತ್ತಿಗೆ ಪ್ರತಿ ವರ್ಷ ಇದೇ ಪ್ರಶ್ನೆ ಬರುತ್ತದೆ. ಈ ಸಲ ಜಾಸ್ತಿ ಬಂದಿವೆ. ಹಾಗಾಗಿ ಈ ಸಂಚಿಕೆಯ ಅಂಕಣ ಪೂರ್ತಿ ಅದಕ್ಕೇ. ಒಂದೇ ಥರದ ಪತ್ರಗಳನ್ನು ಸೇರಿಸಿ ಒಂದು ಮಾಡಿದ್ದೇನೆ.

ಪ್ರಶ್ನೆ: ಮೇಡಂ, ಹೋದ ಡಿಸೆಂಬರ್‌ನಲ್ಲಿ ಅಂಡಮಾನಿನ ಹ್ಯಾವ್‌ಲಾಕ್‌ನಲ್ಲಿ ಡೈವಿಂಗ್‌ನ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿಸಿದೆ. ಈಗ ಸ್ವಂತ ಸಾಮಾನು ಕೊಳ್ಳಬೇಕು ಅಂತ ಆಸೆ. ಅಂಗಡಿಯಲ್ಲಿ ಹೇಳುವ ರೇಟಿಗೂ ಆನ್‌ಲೈನ್ ರೇಟಿಗೂ ತುಂಬಾ ವ್ಯತ್ಯಾಸ ಇದೆ. ಪೂರ್ತಿ ಸೆಟ್ ಆನ್‌ಲೈನ್‌ನಲ್ಲೇ ತರಿಸಿಬಿಡಲಾ? – ಬೆಂಗಳೂರು, ಜಯನಗರ

ಉತ್ತರ: ಪೂರ್ತಿ ಸೆಟ್ ಈಗಲೇ ಬೇಡ. ನಮ್ಮಲ್ಲಿ ಮುರುಡೇಶ್ವರ ಇರಲಿ, ಅಂಡಮಾನ್ ಇರಲಿ, ಪುದುಚೇರಿ ಇರಲಿ, ಡೈವ್‌ಗೆ ಕೊಡುವ ದುಡ್ಡಿನಲ್ಲೇ ಸಾಮಾನ್ಯವಾಗಿ ಬಾಡಿಗೆ ಸಾಮಾನೂ ಸೇರಿರುತ್ತದೆ. ವರ್ಷಕ್ಕೆ ನಾಲ್ಕೈದು ಸಲ ನೀರಿಗಿಳಿಯುವವರಿಗೆ ಬಿಸಿಡಿ (ಗಾಳಿ ತುಂಬಿ, ಬಿಟ್ಟು ತೇಲುವುದನ್ನು ಹಿಡಿತದಲ್ಲಿಡುವ ಜಾಕೆಟ್), ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ) ಎರಡೂ ಬೀರುವಿನಲ್ಲಿ ಕೂತು ಹಳೆಯದಾಗುತ್ತವೆ ಅಷ್ಟೆ. ಬಳಸದೆ ಇಟ್ಟರೂ ಅದರೊಳಗಿನ ರಬ್ಬರ್ ಗಟ್ಟಿಯಾಗುತ್ತದೆ, ಸರ್ವೀಸ್ ಖರ್ಚು ತಪ್ಪುವುದಿಲ್ಲ.

ಮೊದಲು ಮಾಸ್ಕ್ ತಗೊಳ್ಳಿ. ಅದನ್ನು ಅಂಗಡಿಯಲ್ಲೇ ತಗೊಳ್ಳಿ, ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಬಾಡಿಗೆ ಮಾಸ್ಕ್ ಸೋರಿ ಸೋರಿ ಇಡೀ ಡೈವ್ ಮೂಗಲ್ಲಿ ನೀರು ತುಂಬಿಸಿಕೊಂಡು ಬಂದವರನ್ನು ಎಷ್ಟು ಜನರನ್ನು ನೋಡಿದ್ದೇನೋ ಲೆಕ್ಕವಿಲ್ಲ. ಪಾಪ, ಅವರಿಗೆ ಸಮುದ್ರವೇ ಆಗಿಬರುವುದಿಲ್ಲ ಅಂತ ಅನ್ನಿಸಿಬಿಡುತ್ತದೆ. ತಪ್ಪು ಮಾಸ್ಕ್‌ನದು.

ಅಂಗಡಿಯಲ್ಲಿ ನೋಡುವುದು ಹೀಗೆ. ಪಟ್ಟಿಯನ್ನು ತಲೆಗೆ ಹಾಕಬೇಡಿ. ಕೂದಲು ಹಿಂದಕ್ಕೆ ತಳ್ಳಿ ಮಾಸ್ಕನ್ನು ಮುಖಕ್ಕೆ ಮೆಲ್ಲಗೆ ಇಟ್ಟು, ಮೂಗಿನಿಂದ ಸ್ವಲ್ಪ ಉಸಿರೆಳೆದು ಕೈ ಬಿಡಿ. ಉಸಿರು ಹಿಡಿದಿರುವಷ್ಟು ಹೊತ್ತೂ ಬೀಳದೆ ಕೂತರೆ ನಿಮ್ಮ ಮುಖಕ್ಕೆ ಹೊಂದುತ್ತದೆ. ಗಾಳಿ ಎಲ್ಲಿಂದಲೋ ಸುಯ್ ಅಂತ ಒಳಬಂದರೆ ನೀರೂ ಅಲ್ಲಿಂದಲೇ ಬರುತ್ತದೆ. ಆಮೇಲೆ ಬಾಯಿಗೆ ಸ್ನಾರ್ಕೆಲ್ (ನೀರಿನ ಮೇಲೆ ತೇಲುತ್ತಾ ಉಸಿರಾಡುವ ನಳಿಗೆ) ಕಚ್ಚಿಕೊಂಡು ಇನ್ನೊಮ್ಮೆ ಮಾಡಿ, ಯಾಕೆಂದರೆ ಬಾಯಲ್ಲಿ ಏನಾದರೂ ಇದ್ದಾಗ ಕೆನ್ನೆಯ ಆಕಾರವೇ ಬದಲಾಗುತ್ತದೆ. ಗಾಜಿನ ಮೇಲೆ ಟೆಂಪರ್ಡ್ ಅಂತ ಇರಬೇಕು. ಅಂಚು ಮೆತ್ತನೆಯ ಸಿಲಿಕೋನ್ ಆಗಿರಬೇಕು, ಗಟ್ಟಿ ಪ್ಲಾಸ್ಟಿಕ್ ಬೇಡ. ಮೂಗು ಒಳಗೇ ಇರುವ ಮಾಸ್ಕ್ ಆಗಿರಬೇಕು, ಈಜುಕೊಳದ ಗಾಗಲ್ಸ್ ನಡೆಯುವುದಿಲ್ಲ. ಕೆಳಗಿಳಿದ ಹಾಗೆ ನೀರಿನ ಒತ್ತಡಕ್ಕೆ ಮಾಸ್ಕ್ ಮುಖಕ್ಕೆ ಒತ್ತಿಕೊಳ್ಳುತ್ತದೆ, ಮೂಗಿನಿಂದ ಒಂದಿಷ್ಟು ಗಾಳಿ ಒಳಗೆ ಬಿಟ್ಟರೆ ಸರಿಹೋಗುತ್ತದೆ. ಗಾಗಲ್ಸ್‌ನಲ್ಲಿ ಮೂಗು ಹೊರಗಿರುತ್ತದಲ್ಲ, ಗಾಳಿ ಬಿಡುವುದೆಲ್ಲಿ? ಮುಖ ಪೂರ್ತಿ ಮುಚ್ಚುವ ಸ್ನಾರ್ಕೆಲ್ ಮಾಸ್ಕ್‌ಗಳೂ ನೀರಿನ ಮೇಲೆ ತೇಲುವವರಿಗೆ ಮಾತ್ರ.

ಇದ್ಯಾವುದನ್ನೂ ಫೋಟೋ ನೋಡಿ ತಿಳಿಯಲು ಆಗುವುದಿಲ್ಲ. ಐದು ಸ್ಟಾರ್ ಕೊಟ್ಟವರ ಮುಖ ಬೇರೆ, ನಿಮ್ಮ ಮುಖ ಬೇರೆ.

ಮಾಸ್ಕ್ ಆದ ಮೇಲೆ ಡೈವ್ ಕಂಪ್ಯೂಟರ್. ಇದನ್ನು ಆನ್‌ಲೈನ್‌ನಲ್ಲಿ ತರಿಸಿದರೆ ನನ್ನ ತಕರಾರಿಲ್ಲ. ಯಾರ ಕೈಗೆ ಕಟ್ಟಿದರೂ ಅದು ಆಳ, ಹೊತ್ತು ಎರಡನ್ನೂ ಒಂದೇ ರೀತಿ ಲೆಕ್ಕ ಹಾಕುತ್ತದೆ. ಸುಂಟೊ, ಮಾರೆಸ್, ಕ್ರೆಸ್ಸಿ, ಶಿಯರ್‌ವಾಟರ್, ಯಾವುದಾದರೂ ಆಗಲಿ, ಮಾರುವವರು ಆ ಕಂಪನಿಯ ಅಧಿಕೃತ ಡೀಲರ್ ಹೌದೋ ಅಲ್ಲವೋ ಅಂತ ಕಂಪನಿಯ ಸೈಟಿನಲ್ಲೇ ನೋಡಿಕೊಳ್ಳಿ. ಬ್ಯಾಟರಿಯನ್ನು ನೀವೇ ಬದಲಿಸಬಹುದಾ ಅಂತಲೂ ಕೇಳಿ. ಬದಲಿಸಲು ಪ್ರತಿ ಸಲ ದೂರದ ಸರ್ವೀಸ್ ಸೆಂಟರ್‌ಗೆ ಕಳಿಸಬೇಕು ಅಂದರೆ ಸೀಸನ್ ಮಧ್ಯದಲ್ಲಿ ಕೈ ಖಾಲಿ.

ಫಿನ್‌ಗಳ, ಅಂದರೆ ಕಾಲಿಗೆ ಹಾಕುವ ಈಜುರೆಕ್ಕೆಗಳ ವಿಷಯ ಸುಲಭ. ನೇತ್ರಾಣಿಗೆ ಹೋಗುವುದು ದೋಣಿಯಲ್ಲಿ, ನೀರಿಗೆ ಬೀಳುವುದೂ ದೋಣಿಯಿಂದಲೇ, ಕಲ್ಲು ಮರಳಿನ ಮೇಲೆ ನಡೆಯುವ ಕೆಲಸವಿಲ್ಲ. ಬರಿಗಾಲಿಗೆ ಹಾಕುವ ಫಿನ್ ಸಾಕು. ಹಿಮ್ಮಡಿಗೆ ಪಟ್ಟಿ ಇರುವ ಫಿನ್ ಬೇಕೆಂದರೆ ಮೊದಲು ಬೂಟಿ (ರಬ್ಬರಿನ ಕಾಲುಚೀಲದಂಥ ಬೂಟು) ಕೊಂಡು, ಅದನ್ನು ಹಾಕಿಕೊಂಡೇ ಫಿನ್ ನೋಡಿ. ಮೈ ಬೆಚ್ಚಗಿಡುವ ರಬ್ಬರಿನ ಉಡುಪು ವೆಟ್‌ಸೂಟ್ ನಮ್ಮ ನೀರಿಗೆ 3 ಮಿಲಿಮೀಟರ್ ದಪ್ಪ ಇದ್ದರೆ ಧಾರಾಳ. ಇದೂ ಮೈಗೆ ಹಾಕಿ ನೋಡಿ ಕೊಳ್ಳುವ ವಸ್ತು. ಒಂದು ಬ್ರ್ಯಾಂಡ್‌ನ ಮೀಡಿಯಂ ಇನ್ನೊಂದರ ಲಾರ್ಜ್ ಆಗಿರುತ್ತದೆ. ಸಡಿಲವಾದರೆ ಒಳಗೆ ನೀರು ಓಡಾಡಿ ಚಳಿ ಹಿಡಿಯುತ್ತದೆ.

ನನ್ನ ಲೆಕ್ಕ ಇಷ್ಟೇ: ಮೈಗೆ ತಾಗುವುದನ್ನು ಅಂಗಡಿಯಲ್ಲಿ, ಉಸಿರು ಕೊಡುವುದನ್ನು ಸರ್ವೀಸ್ ಮಾಡುವವರ ಹತ್ತಿರ, ಉಳಿದದ್ದನ್ನು ಎಲ್ಲಿ ಅಗ್ಗವೋ ಅಲ್ಲಿ.

ಪ್ರಶ್ನೆ: ವಿದೇಶದ ವೆಬ್‌ಸೈಟ್ ಒಂದರಲ್ಲಿ ಒಳ್ಳೆ ಬ್ರ್ಯಾಂಡಿನ ರೆಗ್ಯುಲೇಟರ್ ಇಲ್ಲಿಯದಕ್ಕಿಂತ ಮೂರನೇ ಒಂದು ಭಾಗ ಕಡಿಮೆಗೆ ಸಿಗುತ್ತಿದೆ. ವಸ್ತು ಅದೇ ಅಲ್ವಾ? ಯಾಕೆ ಬೇಡ ಅನ್ನುತ್ತೀರಿ? – ಮೈಸೂರು

ಉತ್ತರ: ವಸ್ತು ಅದೇ. ಅದು ಬಂದ ಮೇಲಿನ ಹತ್ತು ವರ್ಷ ಮಾತ್ರ ಅದೇ ಅಲ್ಲ.

ರೆಗ್ಯುಲೇಟರ್ ಏನು ಮಾಡುತ್ತದೆ ನೋಡಿ. ಸಿಲಿಂಡರ್‌ನಲ್ಲಿ ಗಾಳಿ 200 ಬಾರ್ ಒತ್ತಡದಲ್ಲಿರುತ್ತದೆ (ಒಂದು ಬಾರ್ ಅಂದರೆ ಹೆಚ್ಚೂಕಮ್ಮಿ ನಮ್ಮ ಸುತ್ತಲಿನ ಗಾಳಿಯ ಒತ್ತಡ). ಸಿಲಿಂಡರ್‌ಗೆ ಕೂರುವ ಫಸ್ಟ್ ಸ್ಟೇಜ್ ಅದನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 9–10 ಬಾರ್ ಜಾಸ್ತಿ ಇರುವ ಮಟ್ಟಕ್ಕೆ ಇಳಿಸುತ್ತದೆ. ಬಾಯಲ್ಲಿರುವ ಸೆಕೆಂಡ್ ಸ್ಟೇಜ್ ಇನ್ನೂ ಇಳಿಸಿ, ನೀವು ಎಳೆದಾಗ ಎಳೆದಷ್ಟು ಕೊಡುತ್ತದೆ. 1943ರಲ್ಲಿ ಫ್ರಾನ್ಸ್‌ನಲ್ಲಿ ನೌಕಾಪಡೆಯ ಅಧಿಕಾರಿ ಕುಸ್ತೋ ಮತ್ತು ಇಂಜಿನಿಯರ್ ಗಾನ್ಯಾನ್ ಮಾಡಿ ತೋರಿಸಿದ್ದೂ ಇದನ್ನೇ, ಉಸಿರೆಳೆದಾಗ ಮಾತ್ರ ಗಾಳಿ ಕೊಡುವ ವಾಲ್ವ್. ಇದೆಲ್ಲ ನಡೆಯುವುದು ಚಿಕ್ಕ ಚಿಕ್ಕ ಓ-ರಿಂಗ್ (ರಬ್ಬರ್ ಬಳೆ), ಸೀಟ್, ಸ್ಪ್ರಿಂಗ್‌ಗಳಿಂದ. ಅವು ಸವೆಯುತ್ತವೆ. ವರ್ಷಕ್ಕೊಮ್ಮೆ ಅಥವಾ 100 ಡೈವ್‌ಗೊಮ್ಮೆ ಬಿಚ್ಚಿ ಬದಲಿಸಬೇಕು ಅಂತ ಬಹಳ ಕಂಪನಿಗಳು ಹೇಳುತ್ತವೆ, ಕೆಲವು ಎರಡು ವರ್ಷ ಕೊಡುತ್ತವೆ. ಬದಲಿಸಲು ಆ ಕಂಪನಿಯದೇ ಕಿಟ್ ಬೇಕು, ಅದರಲ್ಲಿ ತರಬೇತಿ ಪಡೆದ ಕೈ ಬೇಕು.

ನಾನು ಡೈವಿಂಗ್ ಶುರುಮಾಡಿದ ಎರಡನೇ ವರ್ಷ ಹೀಗೇ ಒಂದು ಸೈಟಿನಿಂದ ತರಿಸಿದ್ದೆ. ಕಾಗದದ ಮೇಲೆ ಬಹಳ ಉಳಿತಾಯ. ಮನೆಗೆ ಬರುವಾಗ ಕಸ್ಟಮ್ಸ್ ಸುಂಕ, ಅದರ ಮೇಲೆ ತೆರಿಗೆ, ಕೊರಿಯರ್‌ನವರ ಚಾರ್ಜು ಎಲ್ಲ ಸೇರಿ ಉಳಿತಾಯದ ದೊಡ್ಡ ಪಾಲು ಅಲ್ಲೇ ಹೋಯಿತು. ಒಂದೂವರೆ ವರ್ಷದ ಮೇಲೆ ಫಸ್ಟ್ ಸ್ಟೇಜ್‌ನಿಂದ ಸಣ್ಣಗೆ ಗಾಳಿ ಸೋರತೊಡಗಿತು. ಸರ್ವೀಸ್‌ಗೆ ಒಯ್ದರೆ, ಸೀರಿಯಲ್ ನಂಬರ್ ಅಧಿಕೃತ ಡೀಲರ್ ಮೂಲಕ ಹೋದದ್ದಲ್ಲ, ವಾರಂಟಿ ಇಲ್ಲ ಅಂದರು. ಮಾರಿದವರಿಗೆ ಬರೆದರೆ ವಾಪಸ್ ಕಳಿಸಿ, ಕಳಿಸುವ ಖರ್ಚು ನಿಮ್ಮದು ಅಂದರು. ಆ ಸೀಸನ್ ಪೂರ್ತಿ ಬಾಡಿಗೆ ರೆಗ್ಯುಲೇಟರ್‌ನಲ್ಲೇ ಇಳಿದೆ. ದುಡ್ಡಿಗಿಂತ, ನನ್ನ ಸಾಮಾನಿನ ಮೇಲೆ ನನಗೇ ನಂಬಿಕೆ ಹೋಯಿತಲ್ಲ, ಅದು ಜಾಸ್ತಿ ಬೇಜಾರಾಯಿತು.

ಆದ್ದರಿಂದ ರೇಟ್ ಕೇಳುವುದಕ್ಕಿಂತ ಮೊದಲು ಬೇರೆ ಪ್ರಶ್ನೆ ಕೇಳಿ. ಈ ಮಾಡೆಲನ್ನು ನಮ್ಮ ದೇಶದಲ್ಲಿ ಯಾರು ಸರ್ವೀಸ್ ಮಾಡುತ್ತಾರೆ, ಎಷ್ಟು ದಿನ ಹಿಡಿಯುತ್ತದೆ, ಕಿಟ್ ಅವರಲ್ಲಿ ಇದೆಯಾ? ಇದಕ್ಕೆ ನೇರ ಉತ್ತರ ಸಿಕ್ಕಿದರೆ ಎಲ್ಲಿ ಕೊಂಡರೂ ಸರಿ. ಸಿಗದಿದ್ದರೆ ಅರ್ಧ ಬೆಲೆಗೆ ಬಂದರೂ ಬೇಡ. ರೆಗ್ಯುಲೇಟರ್‌ಗಳಿಗೆ ಯುರೋಪ್ ಇಟ್ಟಿರುವ ಇಎನ್ 250 ಮಾನದಂಡದ ಗುರುತು ಇಲ್ಲದ, ಹೆಸರೇ ಕೇಳದ ಬ್ರ್ಯಾಂಡುಗಳನ್ನಂತೂ ಬಾಯಿಗೆ ಇಡಲೇಬೇಡಿ.

ಇನ್ನೊಂದು ಚಿಕ್ಕ ವಿಷಯ. ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ ಅಂತ ತೋರಿಸುವ ಗೇಜ್ ಅಮೆರಿಕದಿಂದ ಬಂದದ್ದಾದರೆ ಬಹಳ ಸಲ ಅಲ್ಲಿಯ ಒತ್ತಡದ ಅಳತೆ ಪಿಎಸ್‌ಐ ತೋರಿಸುತ್ತದೆ. ಇಲ್ಲಿ ನೀರಿನೊಳಗೆ ಗೈಡ್ ಕೈಸನ್ನೆಯಲ್ಲಿ ಕೇಳುವುದು ಬಾರ್ ಎಷ್ಟು ಅಂತ. 50 ಬಾರ್ ಅಂದರೆ ಸುಮಾರು 725 ಪಿಎಸ್‌ಐ ಅಂತ ಕೆಳಗೆ ಕೂತು ಲೆಕ್ಕ ಹಾಕುವುದು ಯಾಕೆ? ಬಾರ್ ಗೇಜ್ ಅಂತ ಕೇಳಿಯೇ ತರಿಸಿ.

ಪ್ರಶ್ನೆ: ನನ್ನ ಮಗನಿಗೆ 19 ವರ್ಷ. ಆನ್‌ಲೈನ್‌ನಲ್ಲಿ ಅರ್ಧ ಲೀಟರಿನ ಪುಟ್ಟ ಸಿಲಿಂಡರ್ ನೋಡಿದ್ದಾನೆ. ಬಾಯಿಗೆ ಇಟ್ಟುಕೊಂಡರೆ ಹತ್ತು ನಿಮಿಷ ನೀರೊಳಗೆ ಇರಬಹುದಂತೆ, ಸೈಕಲ್ ಪಂಪಿನ ಥರದ್ದರಿಂದ ಮನೆಯಲ್ಲೇ ಗಾಳಿ ತುಂಬಬಹುದಂತೆ. ಕೋರ್ಸ್ ಬೇಡ, ಇದು ಸಾಕು ಅನ್ನುತ್ತಾನೆ. ನಮ್ಮ ಮನೆ ಹಿಂದೆಯೇ ಹೊಳೆ. ಕೊಡಿಸಲಾ? – ಕುಮಟಾ

ಉತ್ತರ: ದಯವಿಟ್ಟು ಕೊಡಿಸಬೇಡಿ. ಮಗನಿಗೂ ಈ ಉತ್ತರ ಓದಿಸಿ.

ಮೊದಲು ಲೆಕ್ಕ. ಅರ್ಧ ಲೀಟರ್ ಸಿಲಿಂಡರ್ 200 ಬಾರ್ ತುಂಬಿದರೆ 100 ಲೀಟರ್ ಗಾಳಿ. ಹೊಸಬ ನಿಮಿಷಕ್ಕೆ 20 ಲೀಟರ್ ಎಳೆಯುತ್ತಾನೆ ಅಂದುಕೊಳ್ಳಿ, ನೀರಿನ ಮೇಲ್ಭಾಗದಲ್ಲೇ ಐದು ನಿಮಿಷಕ್ಕೆ ಖಾಲಿ. 10 ಮೀಟರ್ ಕೆಳಗೆ ಒತ್ತಡ ಎರಡರಷ್ಟು, ಗಾಳಿಯೂ ಎರಡರಷ್ಟು ಬೇಕು, ಎರಡೂವರೆ ನಿಮಿಷ. ಹೆದರಿದರೆ ಅದಕ್ಕಿಂತ ಕಡಿಮೆ. ನಾವು ಡೈವ್‌ನಲ್ಲಿ ಹೊರುವ ಮಾಮೂಲಿ ಅಲ್ಯೂಮಿನಿಯಂ ಸಿಲಿಂಡರ್ ಸುಮಾರು 11 ಲೀಟರಿನದು, ಅದರಲ್ಲಿ 2,200 ಲೀಟರ್ ಗಾಳಿ ಇರುತ್ತದೆ.

ಆದರೆ ನನಗೆ ಭಯ ಗಾಳಿ ಮುಗಿಯುವುದಕ್ಕಿಂತ ಮುಗಿದಾಗ ಅವನು ಏನು ಮಾಡುತ್ತಾನೆ ಅನ್ನುವುದರ ಬಗ್ಗೆ. ಹೊಳೆಯಲ್ಲಿ ಈಜಿ ಬೆಳೆದ ಹುಡುಗ. ಉಸಿರು ಕಟ್ಟಿ ಮುಳುಗಿ, ಉಸಿರು ಕಟ್ಟಿಯೇ ಮೇಲೆ ಬರುವುದು ಅವನಿಗೆ ಅಭ್ಯಾಸ. ಮೇಲಿಂದ ತೆಗೆದುಕೊಂಡ ಉಸಿರಿಗೆ ಅದು ನಡೆಯುತ್ತದೆ. ಸಿಲಿಂಡರಿನಿಂದ ಕೆಳಗೆ ಎಳೆದ ಗಾಳಿ ಒತ್ತಿದ ಗಾಳಿ, ಮೇಲೆ ಬರುತ್ತಾ ಹಿಗ್ಗುತ್ತದೆ. ಬಾಯಿ ಮುಚ್ಚಿಕೊಂಡು ಬಂದರೆ ಶ್ವಾಸಕೋಶವೇ ಹರಿಯಬಹುದು. ಇದಕ್ಕೆ ಸಮುದ್ರದ ಆಳ ಬೇಕಿಲ್ಲ, ಒಂದೂವರೆ ಮೀಟರ್ ನೀರು ಸಾಕು. ಡೈವಿಂಗ್ ಕೋರ್ಸಿನ ಮೊದಲ ದಿನ ಹೇಳುವ ಮೊದಲ ಪಾಠ ಇದೇ: ಯಾವತ್ತೂ ಉಸಿರು ಹಿಡಿಯಬೇಡ. ಪೆಟ್ಟಿಗೆಯಲ್ಲಿ ಬರುವ ಸಿಲಿಂಡರ್ ಆ ಪಾಠ ಹೇಳುವುದಿಲ್ಲ.

ಮನೆಯಲ್ಲಿ ಪಂಪ್ ಹೊಡೆದು ತುಂಬಿದ ಗಾಳಿಯಲ್ಲಿ ತೇವ ಇರುತ್ತದೆ, ಎಣ್ಣೆಯ ಅಂಶ ಸೇರಿರಬಹುದು. ಡೈವ್ ಸೆಂಟರ್‌ಗಳಲ್ಲಿ ಅದಕ್ಕೆಂದೇ ಫಿಲ್ಟರ್ ಇರುವ ಕಂಪ್ರೆಸರ್ ಇಟ್ಟಿರುತ್ತಾರೆ. ಅಲ್ಲದೆ 200 ಬಾರ್ ತುಂಬುವ ಯಾವ ಸಿಲಿಂಡರಾದರೂ ಆಟದ ಸಾಮಾನಲ್ಲ. ನಮ್ಮ ದೇಶದಲ್ಲಿ ಅರ್ಧ ಲೀಟರಿಗಿಂತ ದೊಡ್ಡ ಸಿಲಿಂಡರ್‌ಗಳಿಗೆ 2016ರ ಗ್ಯಾಸ್ ಸಿಲಿಂಡರ್ ನಿಯಮಗಳಿವೆ, ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೊ ಅನ್ನುವ ಸರ್ಕಾರಿ ಸಂಸ್ಥೆಯ ಒಪ್ಪಿಗೆ ಬೇಕು. ದೊಡ್ಡ ಸಿಲಿಂಡರ್ ಕೊಳ್ಳಬೇಕು ಅಂತ ಪತ್ರ ಬರೆದ ಬೇರೆ ಇಬ್ಬರು ಓದುಗರಿಗೂ ಇದೇ ಉತ್ತರ. ಸಿಲಿಂಡರ್ ಬಾಡಿಗೆಗೇ ಇರಲಿ. ಖಾಲಿ ಇದ್ದಾಗಲೇ 14 ಕೆಜಿ ತೂಗುವ ಅದನ್ನು ಮನೆಯಲ್ಲಿಟ್ಟುಕೊಂಡು ಮಾಡುವುದೇನು?

ಕುಮಟಾದಿಂದ ಮುರುಡೇಶ್ವರ ದೂರವಿಲ್ಲ. ಆ ಪೆಟ್ಟಿಗೆಗೆ ಕೊಡುವ ದುಡ್ಡಿನಲ್ಲಿ ಮಗನನ್ನು ಇನ್‌ಸ್ಟ್ರಕ್ಟರ್ ಜೊತೆ ಒಂದು ಸಲ ನೇತ್ರಾಣಿಯ ನೀರಿಗೆ ಇಳಿಸಿ. ಹವಳ, ಮೀನು ಕಂಡ ಮೇಲೆ ಅವನೇ ಕೋರ್ಸ್ ಕೇಳುತ್ತಾನೆ.

ಪ್ರಶ್ನೆ: ನನಗೆ ಮೈನಸ್ 4 ಕನ್ನಡಕ. ಪವರ್ ಇರುವ ಮಾಸ್ಕ್ ಆನ್‌ಲೈನ್‌ನಲ್ಲಿ ಇದೆ. ತರಿಸಬಹುದಾ? – ಶಿವಮೊಗ್ಗ

ಉತ್ತರ: ಗಾಜು ಆನ್‌ಲೈನ್‌ನಲ್ಲಿ ತರಿಸಬಹುದು, ಮಾಸ್ಕ್ ಮಾತ್ರ ಮುಖಕ್ಕೆ ಇಟ್ಟು ನೋಡಿದ ಮಾಡೆಲ್ಲೇ ಆಗಿರಲಿ. ಎರಡು ಬೇರೆ ಬೇರೆ ಗಾಜಿರುವ ಮಾಡೆಲ್ ಆದರೆ ಅದಕ್ಕೆ ಹೊಂದುವ ರೆಡಿಮೇಡ್ ಮೈನಸ್ ಗಾಜು 0.5ರ ಅಂತರದಲ್ಲಿ ಸಿಗುತ್ತವೆ, ಎಡಕ್ಕೊಂದು ಬಲಕ್ಕೊಂದು ಬೇರೆ ಪವರ್ ಹಾಕಿಸಬಹುದು. ಸಿಲಿಂಡ್ರಿಕಲ್ ಪವರ್ ಇವುಗಳಲ್ಲಿ ಬರುವುದಿಲ್ಲ. ಅದು ಜಾಸ್ತಿ ಇದ್ದರೆ ಕಣ್ಣಿನ ಡಾಕ್ಟರ್ ಹತ್ತಿರ ಕೇಳಿ ಒಂದು ದಿನ ಬಳಸಿ ಎಸೆಯುವ ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳುವವರಿದ್ದಾರೆ. ಮಾಸ್ಕ್‌ಗೆ ನೀರು ನುಗ್ಗಿದಾಗ ಕಣ್ಣು ಮುಚ್ಚಿಕೊಳ್ಳಬೇಕು ಅಷ್ಟೆ. ನೀರೊಳಗೆ ವಸ್ತುಗಳು ಇರುವುದಕ್ಕಿಂತ ಹತ್ತಿರ, ದೊಡ್ಡದಾಗಿ ಕಾಣುತ್ತವೆ, ಹಾಗಾಗಿ ಮೈನಸ್ 1 ಇರುವವರು ಸುಮ್ನೆ ಪವರ್ ಗಾಜಿಗೆ ದುಡ್ಡು ಹಾಕುವುದು ಬೇಡ. ನಿಮಗೆ ಬೇಕು.

ಹೊಸ ಮಾಸ್ಕ್ ಮಂಜು ಕಟ್ಟುತ್ತದೆ ಅಂತ ವಾಪಸ್ ಕಳಿಸಬೇಡಿ. ಕಾರ್ಖಾನೆಯ ತೆಳು ಪದರ ಒಳಗಿನ ಗಾಜಿಗೆ ಅಂಟಿಕೊಂಡಿರುತ್ತದೆ. ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಿನಿಂದ ಚೆನ್ನಾಗಿ ತಿಕ್ಕಿ ತೊಳೆಯಿರಿ, ಮೂರು ನಾಲ್ಕು ಸಲ. ಗಾಜಿನ ಮೇಲೆ ಕೋಟಿಂಗ್ ಇದೆ ಅಂತ ಬರೆದಿದ್ದರೆ ಮಾತ್ರ ತಿಕ್ಕಬೇಡಿ.

ಪ್ರಶ್ನೆ: ದಪ್ಪ ಮೀಸೆ ಇದೆ. ಯಾವ ಮಾಸ್ಕ್ ತಗೊಂಡರೂ ಸೋರುತ್ತದೆ. – ಹುಬ್ಬಳ್ಳಿ

ಉತ್ತರ: ಮೂಗಿನ ಕೆಳಗೆ ಒಂದು ಗೆರೆಯಷ್ಟು ಟ್ರಿಮ್ ಮಾಡಿ, ಸಿಲಿಕೋನ್ ಅಂಚು ಚರ್ಮಕ್ಕೆ ಕೂರಬೇಕು. ಮೀಸೆ ಉಳಿಯುತ್ತದೆ. ಪಟ್ಟಿ ಬಿಗಿ ಮಾಡಿದರೆ ಇನ್ನೂ ಸೋರುತ್ತದೆ, ಸ್ವಲ್ಪ ಸಡಿಲ ಬಿಟ್ಟು ನೋಡಿ.

ಪ್ರಶ್ನೆ: ನಾವು ಮಸ್ಕತ್‌ನಲ್ಲಿದ್ದೇವೆ, ಡೈಮಾನಿಯತ್ ದ್ವೀಪಗಳಲ್ಲಿ ಡೈವ್ ಮಾಡುತ್ತೇವೆ. ಮಂಗಳೂರಿನಲ್ಲಿರುವ ತಮ್ಮನಿಗೂ ಇಲ್ಲಿಂದಲೇ ಸಾಮಾನು ತರಲಾ? – ಮಸ್ಕತ್

ಉತ್ತರ: ನಿಮಗೆ ಅಲ್ಲಿ ಅಂಗಡಿಯೂ ಇದೆ, ಸಮುದ್ರವೂ ಇದೆ, ಅದೃಷ್ಟವಂತರು. ತಮ್ಮನ ಮುಖ ಇಲ್ಲಿದೆ, ಆದ್ದರಿಂದ ಮಾಸ್ಕ್ ಬೇಡ. ಕಂಪ್ಯೂಟರ್, ಟಾರ್ಚ್, ಮೇಲ್ಮೈಗೆ ಬಿಡುವ ಗುರುತಿನ ಬಲೂನ್ ಇಂಥವು ತನ್ನಿ. ರೆಗ್ಯುಲೇಟರ್ ತರುವುದಾದರೆ ಸಿಲಿಂಡರ್‌ಗೆ ಕೂರುವ ತಲೆ ನೋಡಿಕೊಳ್ಳಿ. ಅದರಲ್ಲಿ ಎರಡು ಥರ: ವಾಲ್ವ್ ಮೇಲೆ ಕ್ಲಾಂಪಿನ ಹಾಗೆ ಹಿಡಿದುಕೊಳ್ಳುವ ಯೋಕ್, ವಾಲ್ವ್ ಒಳಗೆ ತಿರುಚಿ ಕೂರುವ ಡಿನ್. ನಮ್ಮ ಡೈವ್ ಸೆಂಟರ್‌ಗಳಲ್ಲಿ ಜಾಸ್ತಿ ಇರುವುದು ಯೋಕ್. ಡಿನ್ ತಂದರೆ ಯೋಕ್ ಅಡಾಪ್ಟರ್ ಕೂಡ ತನ್ನಿ. ಬಿಲ್ ಜೊತೆಗೇ ಇರಲಿ, ಸುಂಕವಿಲ್ಲದೆ ತರುವುದಕ್ಕೆ ಮಿತಿ ಇದೆ, ಹೊರಡುವ ಮೊದಲು ಕಸ್ಟಮ್ಸ್ ಸೈಟಿನಲ್ಲಿ ನೋಡಿ. ಟಾರ್ಚಿನ ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಬರಬೇಕು, ಚಾಕು ಇದ್ದರೆ ಲಗೇಜಿನಲ್ಲಿ. ಊರಿಗೆ ಹೊರಡುವ ಹಿಂದಿನ ದಿನ ಎರಡು ಮೂರು ಡೈವ್ ಮಾಡಿದ್ದರೆ ಕಡೆಯ ಡೈವ್ ಆಗಿ ಕನಿಷ್ಠ 18 ಗಂಟೆ ಆದ ಮೇಲೆ ವಿಮಾನ ಹತ್ತಿ.

ಪ್ರಶ್ನೆ: ಅಂಗಡಿಯಲ್ಲಿ ಹಾಕಿ ನೋಡಿ, ಮನೆಗೆ ಬಂದು ಅದೇ ಮಾಡೆಲನ್ನು ಆನ್‌ಲೈನ್‌ನಲ್ಲಿ ಅಗ್ಗಕ್ಕೆ ತರಿಸುವುದು ತಪ್ಪಾ? ಮಾಸ್ಕ್‌ಗೆ 2,000 ರೂಪಾಯಿ ಉಳಿಯುತ್ತದೆ. – ಬೆಂಗಳೂರು, ಮಲ್ಲೇಶ್ವರ

ಉತ್ತರ: ಕಾನೂನಿನಲ್ಲಿ ತಪ್ಪಿಲ್ಲ. ನಾನು ಮಾಡುವುದಿಲ್ಲ.

ನಮ್ಮೂರಲ್ಲಿ ಡೈವಿಂಗ್ ಸಾಮಾನು ಮಾರುವವರು ಬಹಳ ಜನರಿಲ್ಲ, ಇರುವವರಲ್ಲಿ ಹೆಚ್ಚಿನವರು ಕೋರ್ಸ್ ಕಲಿಸುವವರೇ. ಡೆಕಾತ್ಲಾನ್ ಥರದ ದೊಡ್ಡ ಅಂಗಡಿಯಲ್ಲಿ ಸ್ನಾರ್ಕೆಲಿಂಗ್ ಮಾಸ್ಕ್, ಫಿನ್ ಸಿಗುತ್ತವೆ, ಆದರೆ ರೆಗ್ಯುಲೇಟರ್ ಬಿಚ್ಚಿ ಕಟ್ಟುವವರು ಈ ಚಿಕ್ಕ ಅಂಗಡಿಯವರು. ಮಳೆಗಾಲ ಬಂತೆಂದರೆ ಕರಾವಳಿಯಲ್ಲಿ ದೋಣಿ ನಿಲ್ಲುತ್ತದೆ, ನೇತ್ರಾಣಿ ಬಂದ್. ಆ ನಾಲ್ಕು ತಿಂಗಳು ಬಾಡಿಗೆ, ಸಂಬಳ ನಡೆಯಬೇಕಲ್ಲ. ಅವರು ಬಾಗಿಲು ಮುಚ್ಚಿದರೆ ನೀವು ಆನ್‌ಲೈನ್‌ನಲ್ಲಿ ತರಿಸಿದ್ದಕ್ಕೂ ಓ-ರಿಂಗ್ ಹಾಕಿಕೊಡುವವರು ಇರುವುದಿಲ್ಲ.

ಅದಕ್ಕೆ ನೇರವಾಗಿ ಮಾತಾಡಿ. ಫೋನ್ ತೋರಿಸಿ, ಇಲ್ಲಿ ಇಷ್ಟಿದೆ, ನಿಮಗೆ ಎಷ್ಟಕ್ಕೆ ಆಗುತ್ತದೆ ಅಂತ ಕೇಳಿ. ಸಂಕೋಚ ಬೇಡ. ಪೂರ್ತಿ 2,000 ಇಳಿಸಲು ಆಗದೇ ಇರಬಹುದು, ಆದರೆ ಪಟ್ಟಿ, ಬ್ಯಾಗ್, ಮೊದಲ ಸರ್ವೀಸ್ ಏನಾದರೂ ಸೇರಿಸಿ ಕೊಡುವವರನ್ನು ನೋಡಿದ್ದೇನೆ. ಒಂದು ಗಂಟೆ ಕೂತು ಏಳೆಂಟು ಮಾಸ್ಕ್ ಹಾಕಿಸಿ ತೋರಿಸಿದವರ ಹತ್ತಿರವೇ ಕೊಳ್ಳಿ. ತಿರುಗಿಯೂ ನೋಡದೆ ಡಬ್ಬ ಎತ್ತಿ ಕೈಗೆ ಕೊಟ್ಟ ಅಂಗಡಿಯವರ ಋಣ ನಿಮಗೇನಿಲ್ಲ. ಅಂಗಡಿ ಅಂದ ತಕ್ಷಣ ಎಲ್ಲ ಸರಿ ಅಂತಲೂ ಅಲ್ಲ. ಒಂದು ಅಂಗಡಿಯವರು ನನಗೆ ಸೈಜ್ ಇಲ್ಲದ್ದಕ್ಕೆ ದೊಡ್ಡ ವೆಟ್‌ಸೂಟ್ ಹಿಡಿಸಿ, ನೀರಲ್ಲಿ ಬಿಗಿಯಾಗುತ್ತದೆ ಅಂದಿದ್ದರು. ಆಗಲಿಲ್ಲ. ನೀರಲ್ಲಿ ಯಾವ ವೆಟ್‌ಸೂಟೂ ಬಿಗಿಯಾಗುವುದಿಲ್ಲ.

ಪ್ರಶ್ನೆ: ಆನ್‌ಲೈನ್‌ನಲ್ಲಿ ತರಿಸಿದ ಬಿಸಿಡಿ ಗಾಳಿ ಬಿಡುತ್ತಿದೆ. ಮಾರಾಟಗಾರರು ಫೋನ್ ಎತ್ತುತ್ತಿಲ್ಲ. – ಉಡುಪಿ

ಉತ್ತರ: ಫೋನ್ ಬಿಡಿ, ಬರವಣಿಗೆಯಲ್ಲಿ ದೂರು ಕೊಡಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಸೈಟಿನಲ್ಲಿ ದೂರು ಅಧಿಕಾರಿಯ ಹೆಸರು, ವಿವರ ಇರಲೇಬೇಕು. 48 ಗಂಟೆಯೊಳಗೆ ದೂರು ತಲುಪಿದೆ ಅನ್ನಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ವಿದೇಶದ ಸೈಟ್ ಆದರೆ ಈ ದಾರಿ ಕಷ್ಟ. ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟಿದ್ದರೆ ಬ್ಯಾಂಕಿಗೆ ತಕರಾರು ಹಾಕಿ.

ದೂರಿನ ಜೊತೆ ವಿಡಿಯೋ ಇರಲಿ. ಬಿಸಿಡಿಗೆ ಬಾಯಿಂದ ಗಟ್ಟಿಯಾಗಿ ಗಾಳಿ ತುಂಬಿ, ಬಕೆಟ್ ಅಥವಾ ನೀರಿನ ತೊಟ್ಟಿಯಲ್ಲಿ ಒಂದೊಂದೇ ಭಾಗ ಮುಳುಗಿಸಿ, ಗುಳ್ಳೆ ಎಲ್ಲಿಂದ ಬರುತ್ತಿದೆ ಅಂತ ತೋರಿಸಿ. ಗಾಳಿ ಹೊರಬಿಡುವ ಡಂಪ್ ವಾಲ್ವ್‌ನಿಂದ ಬರುತ್ತಿದ್ದರೆ ಅದನ್ನು ತಿರುಗಿಸಿ ಬಿಚ್ಚಿ ನೋಡಿ, ಬಹಳ ಸಲ ಒಂದು ಮರಳಿನ ಕಾಳು ಸೀಲ್ ಕೆಳಗೆ ಸಿಕ್ಕಿಕೊಂಡಿರುತ್ತದೆ, ತೊಳೆದರೆ ನಿಲ್ಲುತ್ತದೆ. ಹೊಲಿಗೆಯ ಅಂಚಿನಿಂದ ಬರುತ್ತಿದ್ದರೆ ಅಂಟು ಹಚ್ಚಲು ಹೋಗಬೇಡಿ, ಹಾಗೇ ವಾಪಸ್ ಕಳಿಸಿ. ಅಲ್ಲಿಯವರೆಗೆ ಅದನ್ನು ಹಾಕಿಕೊಂಡು ನೀರಿಗೆ ಇಳಿಯಬೇಡಿ.